ಕಿಲೋಮೀಟರಿಗೆ ಎಷ್ಟು ಕೊಡುತ್ತೀರಿ?

40 ವರ್ಷಗಳ ಹಿಂದೆ ಸುಡಾನಿನ ಓಟಗಾರರೊಬ್ಬರು ಹಸಿದವರ ಶಿಬಿರದಿಂದ ಬೆಂಕಿ ಹೊತ್ತು ನ್ಯೂಯಾರ್ಕ್ ಮುಟ್ಟಿದರು. ಅವರ ಬೆನ್ನಿಗೆ ಜಗತ್ತಿನಾದ್ಯಂತ ಸುಮಾರು 2 ಕೋಟಿ ಜನ ಓಡಿದರು. ದೂರದೇಶದ ಬಾವಿಗೆ, ಶಾಲೆಗೆ, ಅನ್ನಕ್ಕೆ ಬೆವರು ಸುರಿಸಿ ಚಂದಾ ಎತ್ತುವ ಈ ಪದ್ಧತಿ ಇಂದು ಅಚ್ಚುಕಟ್ಟಾದ ಯಂತ್ರವಾಗಿದೆ. ಅದರೊಳಗೆ ಒಂದು ಇಣುಕು.

1986ರ ಮೇ 25, ಭಾನುವಾರ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11 ಗಂಟೆ, ಲಂಡನ್ನಿನಲ್ಲಿ ಸಂಜೆ 4, ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ. ವಿಶ್ವಸಂಸ್ಥೆಯ ಕಚೇರಿ ಎದುರಿನ ಚೌಕದಲ್ಲಿ ಒಮರ್ ಖಲೀಫಾ ತಮ್ಮ ಕೈಯಲ್ಲಿದ್ದ ಪಂಜಿನಿಂದ ಜ್ಯೋತಿ ಹೊತ್ತಿಸಿದರು. ಅದಕ್ಕೇ ಕಾದು ನಿಂತಿದ್ದ ಜನ ಒಂದೊಂದು ದೇಶದಲ್ಲೂ ಓಡಲು ಶುರುಮಾಡಿದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ಬೆಂಕಿ 9 ದಿನ ಹಳೆಯದು. ಮೇ 16ರಂದು ಸುಡಾನಿನ ಎಲ್ ಮೊವೈಲಿ ಪರಿಹಾರ ಶಿಬಿರದಲ್ಲಿ ಪಂಜು ಹೊತ್ತಿಸಿಕೊಂಡು ಹೊರಟ ಖಲೀಫಾ, ಯುರೋಪಿನ ರಾಜಧಾನಿಗಳಲ್ಲಿ ಓಡುತ್ತ, ನಡುವಿನ ದೂರವನ್ನು ವಿಮಾನದಲ್ಲಿ ದಾಟುತ್ತ ಅಮೆರಿಕ ತಲುಪಿದ್ದರು. ಅವರು ಒಲಿಂಪಿಕ್ ಪದಕ ಗೆದ್ದವರಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 1500 ಮೀಟರ್ ಫೈನಲ್‌ನಲ್ಲಿ ಓಡಿದ್ದರು, ಅಷ್ಟೆ. ಪದಕಕ್ಕಿಂತ ಮುಖ್ಯವಾಗಿದ್ದದ್ದು ಅವರ ಊರು. ಬರದ ನಾಡಿನವರೇ ಬಂದು ಜಗತ್ತಿನ ಬಾಗಿಲು ತಟ್ಟಲಿ ಎಂಬುದು ಸಂಘಟಕರ ಲೆಕ್ಕ.

ಕಾರ್ಯಕ್ರಮದ ಹೆಸರು ಸ್ಪೋರ್ಟ್ ಏಡ್. ಓಟದ ಹೆಸರು ‘ರೇಸ್ ಅಗೇನ್‌ಸ್ಟ್ ಟೈಮ್’. ದೂರ 10 ಕಿ.ಮೀ. ಒಟ್ಟು 89 ದೇಶಗಳಲ್ಲಿ ಸುಮಾರು 1.98 ಕೋಟಿ ಜನ ಪಾಲ್ಗೊಂಡರು. ‘ಟಿಯರ್ಸ್ ಫಾರ್ ಫಿಯರ್ಸ್’ ತಂಡ ತನ್ನ ಜನಪ್ರಿಯ ಹಾಡಿನಲ್ಲಿ ‘ರೂಲ್’ ಎಂಬುದನ್ನು ‘ರನ್’ ಎಂದು ಬದಲಿಸಿ ಮತ್ತೆ ಹಾಡಿಕೊಟ್ಟಿತು. ಎರಡು ದಿನ ಬಿಟ್ಟು, ಮೇ 27ರಂದು, ಆಫ್ರಿಕಾದ ಆರ್ಥಿಕ ಬಿಕ್ಕಟ್ಟಿನ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯ ವಿಶೇಷ ಅಧಿವೇಶನ ಶುರುವಾಗುವುದಿತ್ತು. ಅದಕ್ಕೆ ಮೊದಲೇ ಬೀದಿಯ ಸದ್ದು ಒಳಗೆ ಕೇಳಿಸಬೇಕಿತ್ತು.

ಸಂಗ್ರಹವಾದದ್ದು 3.7 ಕೋಟಿ ಡಾಲರ್. ಯುನಿಸೆಫ್‌ಗೆ ಮತ್ತು ಬ್ಯಾಂಡ್ ಏಡ್ ನಿಧಿಗೆ ಹೋಯಿತು.

ಈ ಮೊತ್ತವನ್ನು ಓಡಿದವರ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಮಜಾ ಇದೆ. ತಲೆಗೆ 2 ಡಾಲರ್ ಕೂಡ ಬೀಳುವುದಿಲ್ಲ. ಹಾಗೇ ಇನ್ನೊಂದು ಭಾಗಾಕಾರ: 2025ರ ಏಪ್ರಿಲ್ 27ರ ಲಂಡನ್ ಮ್ಯಾರಥಾನ್ ಮುಗಿಸಿದವರು 56,640 ಮಂದಿ. ಅವರೆಲ್ಲ ಸೇರಿ ಎತ್ತಿದ ದೇಣಿಗೆ 8.73 ಕೋಟಿ ಪೌಂಡ್. ತಲೆಗೆ ಸುಮಾರು 1,500 ಪೌಂಡ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ.

2 ಕೋಟಿ ಜನ ಓಡಿದಾಗ ಬಾರದ ದುಡ್ಡು 56 ಸಾವಿರ ಜನ ಓಡಿದಾಗ ಬಂತು. ಕಾಲಿನ ಬಲ ಹೆಚ್ಚಿಲ್ಲ. ಬದಲಾದದ್ದು ಕೇಳುವ ರೀತಿ.

ಬರ, ಟಿವಿ, ನಗು

1984ರ ಅಕ್ಟೋಬರ್ 23ರಂದು ಬಿಬಿಸಿಯ ಮೈಕೆಲ್ ಬ್ಯೂರ್ಕ್ ಇಥಿಯೋಪಿಯಾದ ಕೋರೆಮ್‌ನಿಂದ ಕಳಿಸಿದ ಬರಗಾಲದ ವರದಿ ಬ್ರಿಟನ್ನಿನ ಮನೆಮನೆಯ ಟಿವಿಯಲ್ಲಿ ಮೂಡಿತು. ಆಮೇಲಿನದು ಗೊತ್ತಿರುವ ಕಥೆ. ಆ ವರ್ಷದ ಕೊನೆಗೆ ಬಾಬ್ ಗೆಲ್ಡಾಫ್ ಗಾಯಕರನ್ನು ಕಲೆಹಾಕಿ ಬ್ಯಾಂಡ್ ಏಡ್ ಹಾಡು ತಂದರು. 1985ರ ಜುಲೈ 13ರಂದು ಲೈವ್ ಏಡ್ ಸಂಗೀತ ಕಛೇರಿ ನಡೆಯಿತು. ಅದೇ ಸರಣಿಯ ಮುಂದಿನ ಕೊಂಡಿ ಸ್ಪೋರ್ಟ್ ಏಡ್.

ಇನ್ನೊಂದು ಕೊಂಡಿ ಹೆಚ್ಚು ಕಾಲ ಬಾಳಿತು. ಚಿತ್ರಕಥೆಗಾರ ರಿಚರ್ಡ್ ಕರ್ಟಿಸ್ ಮತ್ತು ಹಾಸ್ಯಗಾರ ಲೆನ್ನಿ ಹೆನ್ರಿ ಕಟ್ಟಿದ ಕಾಮಿಕ್ ರಿಲೀಫ್ 1985ರ ಕ್ರಿಸ್‌ಮಸ್ ದಿನ ಸುಡಾನಿನ ಸಫಾವಾ ನಿರಾಶ್ರಿತರ ಶಿಬಿರದಿಂದಲೇ ಬಿಬಿಸಿಯಲ್ಲಿ ಶುರುವಾಯಿತು. ನಗಿಸಿ ದುಡ್ಡು ಎತ್ತುವ ಸಂಸ್ಥೆ ಇದು. ಮುಂದೆ ಸ್ಪೋರ್ಟ್ ರಿಲೀಫ್ ಎಂಬ ತಮ್ಮನನ್ನೂ ಹುಟ್ಟುಹಾಕಿತು.

ಆ ತಮ್ಮನಿಗಾಗಿ ಓಡಿದವರಲ್ಲಿ ಎಲ್ಲರಿಗಿಂತ ಹುಚ್ಚು ಸಾಹಸ ಹಾಸ್ಯಗಾರ್ತಿ ಸೂಜಿ ಎಡ್ಡಿ ಇಝಾರ್ಡ್ ಅವರದು. 2009ರಲ್ಲಿ ಕೇವಲ ಐದು ವಾರದ ತಯಾರಿಯಲ್ಲಿ, 51 ದಿನಗಳಲ್ಲಿ 43 ಮ್ಯಾರಥಾನ್ ಓಡಿದರು. ಆಮೇಲೆ ಕಣ್ಣು ದಕ್ಷಿಣ ಆಫ್ರಿಕಾದ ಮೇಲೆ ಬಿತ್ತು: ನೆಲ್ಸನ್ ಮಂಡೇಲಾ ಜೈಲಿನಲ್ಲಿ ಕಳೆದ 27 ವರ್ಷಗಳಿಗೆ 27 ಮ್ಯಾರಥಾನ್. 2012ರಲ್ಲಿ ನಾಲ್ಕು ಓಡುವಷ್ಟರಲ್ಲಿ ಆರೋಗ್ಯ ಕೈಕೊಟ್ಟಿತು. 2016ರಲ್ಲಿ ಮತ್ತೆ ಹೋದರು. ಐದನೇ ದಿನ ಆಸ್ಪತ್ರೆ ಸೇರಬೇಕಾಯಿತು. ಕಳೆದುಹೋದ ಆ ಒಂದು ದಿನವನ್ನು ಸರಿದೂಗಿಸಲು ಕೊನೆಯ ದಿನ ಎರಡು ಮ್ಯಾರಥಾನ್ ಓಡಿ ಪ್ರಿಟೋರಿಯಾದ ಯೂನಿಯನ್ ಬಿಲ್ಡಿಂಗ್ಸ್ ಎದುರು ನಿಂತರು. ಹತ್ತು ಲಕ್ಷ ಪೌಂಡಿಗೂ ಹೆಚ್ಚು ದೇಣಿಗೆ ಹರಿದುಬಂತು.

ಐದನೇ ದಿನ ಆಸ್ಪತ್ರೆಗೆ ಹೋಗದೆ ಸಲೀಸಾಗಿ ಮುಗಿಸಿದ್ದರೆ ಅಷ್ಟು ಬರುತ್ತಿತ್ತೇ? ಅನುಮಾನ.

> ಘೇಂಡಾಮೃಗದ ಓಟ
> 1992ರಿಂದ ಲಂಡನ್ ಮ್ಯಾರಥಾನ್‌ನಲ್ಲಿ ಘೇಂಡಾಮೃಗಗಳು ಓಡುತ್ತಿವೆ. ‘ಸೇವ್ ದ ರೈನೋ’ ಸಂಸ್ಥೆಗಾಗಿ ಓಡುವವರು ತೊಡುವ ಈ ವೇಷ ಸುಮಾರು 10 ಕಿಲೋ ಭಾರ. ಹೊರಗಿನ ಗಾಳಿ ಒಳಗೆ ಬರುವುದು ಕಡಿಮೆ, ಒಳಗಿನ ಬೆವರು ಹೊರಗೆ ಹೋಗುವುದು ಇನ್ನೂ ಕಡಿಮೆ. ಬೊಂಬೆಯಾಟದ ಕಲಾವಿದ ವಿಲಿಯಂ ಟಾಡ್-ಜೋನ್ಸ್ ಅವರ ವಿನ್ಯಾಸ ಇದು.

ಚಿನ್ನದ ಬಾಂಡ್

ಲಂಡನ್ ಮ್ಯಾರಥಾನ್ ಶುರುವಾದದ್ದು ಬರೀ ದಾನಕ್ಕಾಗಿ ಅಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಸ್ಟೀಪಲ್‌ಚೇಸ್ ಚಿನ್ನದ ವಿಜೇತ ಕ್ರಿಸ್ ಬ್ರಾಶರ್ 1979ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದರು. ಇಂಥದ್ದು ನಮ್ಮೂರಲ್ಲೂ ಆಗಬೇಕು ಅನ್ನಿಸಿತು. ಗೆಳೆಯ ಜಾನ್ ಡಿಸ್ಲಿ ಜೊತೆ ಸೇರಿ 1981ರ ಮಾರ್ಚ್ 29ರಂದು, ಜಿಟಿಜಿಟಿ ಮಳೆಯಲ್ಲಿ ಮೊದಲ ಓಟ ನಡೆಸಿದರು. ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗೆ ಸಿಮೊನ್ಸೆನ್ ಕೈಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. ಅಂದು ಓಟ ಮುಗಿಸಿದವರು 6,255 ಮಂದಿ.

ಈಗ ಜಾಗ ಸಿಗುವುದೇ ಲಾಟರಿ. 2026ರ ಓಟಕ್ಕೆ ಚೀಟಿ ಎತ್ತುವಾಗ ಇದ್ದ ಅರ್ಜಿಗಳು 11,33,813. ಬೇಡಿಕೆ ಹೀಗಿರುವಲ್ಲಿ ಜಾಗಕ್ಕೆ ಬೆಲೆ ಬರುತ್ತದೆ. 1993ರಲ್ಲಿ ಸಂಘಟಕರು ‘ಗೋಲ್ಡನ್ ಬಾಂಡ್’ ಯೋಜನೆ ತಂದರು. ಸೇವಾ ಸಂಸ್ಥೆಗಳು ವರ್ಷಕ್ಕೆ ಐದರಂತೆ ಐದು ವರ್ಷಕ್ಕೆ ಓಟದ ಜಾಗಗಳನ್ನು ಖರೀದಿಸಬಹುದು. ಚೀಟಿಯಲ್ಲಿ ಹೆಸರು ಬಾರದವರು ಸಂಸ್ಥೆಯ ಬಾಗಿಲಿಗೆ ಬರುತ್ತಾರೆ. ಸಂಸ್ಥೆ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎತ್ತಿಕೊಡುತ್ತೀರಿ? ಸಾಮಾನ್ಯವಾಗಿ ಕನಿಷ್ಠ 2,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿಗೆ ಒಪ್ಪಿಕೊಳ್ಳಬೇಕು.

ಹೀಗೆ ಓಟದ ಆಸೆಯಿಂದ ಬಂದವರು ಚಂದಾ ವಸೂಲಿಗೆ ಇಳಿಯುತ್ತಾರೆ. ಚಳಿಗಾಲದಲ್ಲಿ ಹದಿನಾರು ವಾರದ ಅಭ್ಯಾಸ, ಭಾನುವಾರಗಳ ಉದ್ದ ಓಟ, ಹೆಬ್ಬೆರಳಿನ ಉಗುರು ಕಪ್ಪಾಗುವುದು ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ ಕಚೇರಿಯಲ್ಲಿ ಕೇಕ್ ಮಾರುವುದು, ಪಬ್ಬಿನಲ್ಲಿ ಕ್ವಿಜ್ ನಡೆಸುವುದು, ಎಂಟು ವರ್ಷದಿಂದ ಮಾತಾಡಿಸದ ಸಹಪಾಠಿಗೆ ಸಂದೇಶ ಕಳಿಸುವುದು. ಓಡುವುದಕ್ಕಿಂತ ಕೇಳುವುದೇ ಕಷ್ಟ ಎನ್ನುವವರು ಕಡಿಮೆ ಇಲ್ಲ.

ಕೇಳುವ ಸಂಕೋಚವನ್ನು ಅರ್ಧ ಇಳಿಸಿದ್ದು ಅಂತರ್ಜಾಲ. ಪಾಕಿಸ್ತಾನ ಮೂಲದ ವಕೀಲೆ ಜರೀನ್ ಖರಾಸ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಶುರುಮಾಡಿದ ಜಸ್ಟ್‌ಗಿವಿಂಗ್ ತಾಣದಲ್ಲಿ ಪ್ರತಿ ಓಟಗಾರನಿಗೂ ಒಂದು ಪುಟ. ಯಾರು ಎಷ್ಟು ಕೊಟ್ಟರು ಎಂಬುದು ಎಲ್ಲರಿಗೂ ಕಾಣುತ್ತದೆ. ಬ್ರಿಟನ್ನಿನ ತೆರಿಗೆದಾರ 1 ಪೌಂಡ್ ಕೊಟ್ಟರೆ ಗಿಫ್ಟ್ ಏಡ್ ನಿಯಮದಡಿ ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸುತ್ತದೆ. 2017ರಲ್ಲಿ ಈ ತಾಣವನ್ನು ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿ 9.5 ಕೋಟಿ ಪೌಂಡಿಗೆ ಕೊಂಡಿತು. ದಾನದ ಪುಟವೂ ಒಳ್ಳೆಯ ವ್ಯಾಪಾರ.

ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ನೋಟ್‌ಬುಕ್ ಕಂಡವರಿಗೆ ಈ ಪುಟದ ಗುಟ್ಟು ಬೇಗ ಹೊಳೆಯುತ್ತದೆ. ಅವರು ನನ್ನ ಓಟಕ್ಕೆ 20 ಪೌಂಡ್ ಹಾಕಿದ್ದರು, ಅವರ ಸೈಕಲ್ ಯಾತ್ರೆಗೆ ನಾನು 20 ಹಾಕಲೇಬೇಕು. ಹಣ ಕೊಡುವವನ ಕಣ್ಣಿನ ಮುಂದೆ ಇರುವುದು ಇಥಿಯೋಪಿಯಾ ಅಲ್ಲ, ಪಕ್ಕದ ಮೇಜಿನ ಸಹೋದ್ಯೋಗಿ.

ಸಂಶೋಧಕರು ಇದನ್ನು ಅಳೆದೂ ನೋಡಿದ್ದಾರೆ. 2014ರ ಲಂಡನ್ ಮ್ಯಾರಥಾನ್ ಓಟಗಾರರ ದೇಣಿಗೆ ಪುಟಗಳನ್ನು ನಿಕೋಲಾ ರೈಹಾನಿ ಮತ್ತು ಸಾರಾ ಸ್ಮಿತ್ ಜಾಲಾಡಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನಗೆ ತರಿಸುವಂತಿದೆ. ಚೆಲುವೆ ಓಟಗಾರ್ತಿಯ ಪುಟದಲ್ಲಿ ಒಬ್ಬ ಗಂಡಸು ದೊಡ್ಡ ಮೊತ್ತ ಹಾಕಿದ್ದರೆ, ಮುಂದೆ ಬರುವ ಗಂಡಸು ತಾನೂ ಕೈ ಬಿಚ್ಚುತ್ತಾನೆ. ಹೆಂಗಸರಲ್ಲಿ ಇಂಥ ಪೈಪೋಟಿ ಕಂಡುಬರಲಿಲ್ಲ.

ನೋವಿಗೂ ಬೆಲೆಯಿದೆ. ಕ್ರಿಸ್ಟೋಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರಾಮದ ಕೂಟಕ್ಕಿಂತ ಬಳಲಿಸುವ ಓಟ ಸೇರಿದ್ದರೆ ಜನ ಹೆಚ್ಚು ಕೊಡಲು ಮುಂದಾಗುತ್ತಾರೆ. ಉದ್ದೇಶ ಹಸಿವಿನಂಥ ಸಂಕಟವಾಗಿದ್ದರಂತೂ ಈ ಪರಿಣಾಮ ಗಟ್ಟಿ. ಉದ್ಯಾನ ಕಟ್ಟುವುದಕ್ಕಾದರೆ ಯಾರೂ ನೋಯಬೇಕಿಲ್ಲ, ಹಸಿದವರಿಗಾದರೆ ಕೊಡುವವನ ಪರವಾಗಿ ಯಾರಾದರೂ ಸ್ವಲ್ಪ ನೋಯಬೇಕು.

> 89ಕ್ಕೆ ಶುರು
> ಪಂಜಾಬಿನ ಬಿಯಾಸ್ ಪಿಂಡ್‌ನ ಫೌಜಾ ಸಿಂಗ್ ಮೊದಲ ಲಂಡನ್ ಮ್ಯಾರಥಾನ್ ಓಡಿದ್ದು 2000ದಲ್ಲಿ, 89ನೇ ವಯಸ್ಸಿನಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ದುಡಿಯುವ ‘ಬ್ಲಿಸ್’ ಸಂಸ್ಥೆಗಾಗಿ. 2025ರ ಜುಲೈಯಲ್ಲಿ ಹುಟ್ಟೂರಿನ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡಾಗ ಅವರಿಗೆ 114 ಎನ್ನಲಾಗಿತ್ತು.

ಮುಂದೆ ಇಥಿಯೋಪಿಯಾ, ಹಿಂದೆಯೂ ಇಥಿಯೋಪಿಯಾ

2025ರ ಲಂಡನ್ ಓಟದಲ್ಲಿ ಮಹಿಳೆಯರ ವಿಭಾಗ ಗೆದ್ದವರು ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ, 2 ಗಂಟೆ 15 ನಿಮಿಷ 50 ಸೆಕೆಂಡಿನಲ್ಲಿ. ಪುರುಷರ ವಿಭಾಗ ಕೀನ್ಯಾದ ಸೆಬಾಸ್ಟಿಯನ್ ಸಾವೆ ಪಾಲಾಯಿತು, ಎರಡನೇ ಸ್ಥಾನ ಉಗಾಂಡಾದ ಜೇಕಬ್ ಕಿಪ್ಲಿಮೊಗೆ. ಅವರೆಲ್ಲ ಸ್ನಾನ ಮುಗಿಸಿದ ಮೇಲೂ ಗಂಟೆಗಟ್ಟಲೆ ಹಿಂದಿನ ಸಾಲು ಬರುತ್ತಲೇ ಇರುತ್ತದೆ. ಆ ಸಾಲಿನಲ್ಲಿ ಆಫ್ರಿಕಾದ ಹಳ್ಳಿಗೆ ನೀರು ತರಲು ಓಡುವವರ ಅಂಗಿಗಳೂ ಕಾಣುತ್ತವೆ. ಲಂಡನ್ ಮ್ಯಾರಥಾನ್ ಹುಟ್ಟಿದ 1981ರಲ್ಲೇ ಹುಟ್ಟಿದ ವಾಟರ್‌ಏಡ್‌ನಂಥ ಸಂಸ್ಥೆಗಳವು ಅವು. ಬ್ರಿಟನ್ನಿನ ನೀರು ಪೂರೈಕೆ ಉದ್ಯಮದವರು ಕಟ್ಟಿದ ಈ ಸಂಸ್ಥೆ 1986ರಿಂದ ಭಾರತದಲ್ಲೂ ಕೆಲಸ ಮಾಡುತ್ತಿದೆ.

ಆದರೆ ಇಂಥ ಅಂಗಿಗಳು ಕಡಿಮೆ. ಕ್ಯಾನ್ಸರ್, ಹೃದ್ರೋಗ, ಮರೆಗುಳಿ ಕಾಯಿಲೆ, ಮಕ್ಕಳ ಆಸ್ಪತ್ರೆ: ಓಟಗಾರರ ಬೆನ್ನ ಮೇಲಿನ ಹೆಸರುಗಳಲ್ಲಿ ಬಹುಪಾಲು ಮನೆಯೊಳಗಿನ ಸಂಕಟದವು. ಅಮ್ಮನನ್ನು ಕಳೆದುಕೊಂಡವಳು ಅಮ್ಮನ ಚಿತ್ರ ಬೆನ್ನಿಗೆ ಅಂಟಿಸಿಕೊಂಡು ಓಡಿದರೆ ಪರಿಚಿತರು ಕೊಡದೆ ಇರಲಾರರು. ಮೊಜಾಂಬಿಕ್‌ನ ಕೊಳವೆಬಾವಿಗೆ ಅಂಥ ಚಿತ್ರ ಎಲ್ಲಿಂದ ತರುವುದು? ಅಭಿವೃದ್ಧಿ ಸಂಸ್ಥೆಯ ಓಟಗಾರನಿಗೆ ಇರುವ ಬಂಡವಾಳ ತನ್ನ ಸ್ನೇಹಿತರ ವಿಶ್ವಾಸ ಮಾತ್ರ. ಬೆವರು ಆ ವಿಶ್ವಾಸವನ್ನು ಕಾಣದ ಊರಿನವರೆಗೆ ದಾಟಿಸುತ್ತದೆ. ಈ ಪದ್ಧತಿಯ ಶಕ್ತಿಯೂ ಅದೇ, ಮಿತಿಯೂ ಅದೇ. ಬಾವಿ ಎಲ್ಲಿ ಬೇಕು ಎಂಬುದಕ್ಕಿಂತ ಓಡುವವನಿಗೆ ಎಷ್ಟು ಜನ ಗೊತ್ತು ಎಂಬುದೇ ಮೊತ್ತವನ್ನು ತೀರ್ಮಾನಿಸುತ್ತದೆ.

ಮೊತ್ತ ದೊಡ್ಡದು ಅನ್ನಿಸಿದರೆ ಸರ್ಕಾರದ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ವಿದೇಶಿ ನೆರವಿಗೆ ಕೊಡುತ್ತಿತ್ತು. 2021ರಲ್ಲಿ ಅದನ್ನು ಶೇ 0.5ಕ್ಕೆ ಇಳಿಸಿತು. 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಪ್ರಧಾನಿ ಕೀರ್ ಸ್ಟಾರ್ಮರ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಈ ಎರಡನೇ ಕಡಿತವೊಂದೇ ವರ್ಷಕ್ಕೆ ಸುಮಾರು 600 ಕೋಟಿ ಪೌಂಡ್. 2025ರ ಲಂಡನ್ ಮ್ಯಾರಥಾನ್‌ನ ದೇಣಿಗೆ ಪೂರ್ತಿ ಆಫ್ರಿಕಾಕ್ಕೆ ಹೋದರೂ ಆ ಹಳ್ಳದ ಶೇ 2ರಷ್ಟು ತುಂಬದು. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಕೂಡ 2025ರ ಜುಲೈಯಲ್ಲಿ ಬಾಗಿಲು ಹಾಕಿತು. ಇತ್ತ ಸುಡಾನಿನ ಜಮ್ಜಮ್ ಶಿಬಿರದಲ್ಲಿ ಕ್ಷಾಮವಿದೆ ಎಂದು ತಜ್ಞರ ಸಮಿತಿ ದೃಢಪಡಿಸಿದ್ದು 2024ರ ಆಗಸ್ಟಿನಲ್ಲಿ. ಈ ಸಲ ಅಲ್ಲಿಂದ ಯಾರೂ ಪಂಜು ಹೊತ್ತು ಹೊರಡಲಿಲ್ಲ.

ದುಡ್ಡು ಎಲ್ಲಿಗೆ?

ಓಡಿದವನ ಕೆಲಸ ಗೆರೆ ದಾಟಿದಲ್ಲಿಗೆ ಮುಗಿಯುತ್ತದೆ. ದುಡ್ಡಿನ ಕೆಲಸ ಶುರುವಾಗುವುದು ಅಲ್ಲಿಂದ. 80ರ ದಶಕದ ಇಥಿಯೋಪಿಯಾದಲ್ಲಿ ಬರದ ಜೊತೆಗೆ ಅಂತರ್ಯುದ್ಧವೂ ಇತ್ತು. ಅಂದಿನ ಆಡಳಿತಗಾರ ಮೆಂಗಿಸ್ತು ಅವರ ಸರ್ಕಾರ ಬರಪೀಡಿತರನ್ನು ಬಲವಂತವಾಗಿ ದಕ್ಷಿಣಕ್ಕೆ ಸಾಗಿಸುತ್ತಿದೆ ಎಂದು ದನಿ ಎತ್ತಿದ ಫ್ರಾನ್ಸಿನ ವೈದ್ಯರ ಸಂಸ್ಥೆ ‘ಮೆದ್ಸಾಂ ಸಾಂ ಫ್ರಾಂತಿಯೇರ್’ ಅನ್ನು 1985ರ ಕೊನೆಗೆ ದೇಶದಿಂದ ಹೊರಹಾಕಲಾಯಿತು. ನೆರವು ಕೊಟ್ಟವರು ಆ ಸಾಗಣೆಗೂ ಕೈಜೋಡಿಸಿದಂತಾಯಿತೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಬ್ಯಾಂಡ್ ಏಡ್ ಹಣ ಬಂಡುಕೋರರ ಬಂದೂಕಿಗೆ ಹೋಯಿತೆಂಬ ಅರ್ಥ ಬರುವಂತೆ 2010ರಲ್ಲಿ ವರದಿ ಮಾಡಿದ ಬಿಬಿಸಿ, ಅದಕ್ಕೆ ಪುರಾವೆಯಿಲ್ಲವೆಂದು ಅದೇ ವರ್ಷ ಕ್ಷಮೆ ಕೇಳಿತು.

ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್‌ನ ಕಥೆ ಇನ್ನೂ ಹತ್ತಿರದ್ದು. ಹೈಟಿ ಭೂಕಂಪದ ನಂತರ ಅಲ್ಲಿದ್ದ ಕೆಲವು ಸಿಬ್ಬಂದಿಯ ಲೈಂಗಿಕ ದುರ್ನಡತೆ 2018ರ ಫೆಬ್ರುವರಿಯಲ್ಲಿ ‘ದ ಟೈಮ್ಸ್’ ಪತ್ರಿಕೆಯಲ್ಲಿ ಬಯಲಾಯಿತು. ಹತ್ತು ದಿನದಲ್ಲಿ ಸುಮಾರು 7,000 ನಿಯಮಿತ ದಾನಿಗಳು ಕೈಬಿಟ್ಟರೆಂದು ಸಂಸ್ಥೆಯ ಮುಖ್ಯಸ್ಥರೇ ಸಂಸದರ ಮುಂದೆ ಹೇಳಿದರು. ಆ ವರ್ಷದ ಓಟಕ್ಕೆ ಆಕ್ಸ್‌ಫ್ಯಾಮ್ ಅಂಗಿ ತೊಡಲು ಒಪ್ಪಿಕೊಂಡಿದ್ದವರ ಪಾಡು ಊಹಿಸಬಹುದು. ಯಾರೋ ಮಾಡಿದ್ದಕ್ಕೆ ತಾವು ಉತ್ತರ ಕೊಡುತ್ತ ಚಂದಾ ಕೇಳಬೇಕು.

> ಗೂರ್ಖಾಗಳ 100 ಕಿಲೋಮೀಟರ್
> ಹಾಂಗ್‌ಕಾಂಗ್‌ನ ಮ್ಯಾಕ್‌ಲೆಹೋಸ್ ಬೆಟ್ಟದ ದಾರಿ 100 ಕಿ.ಮೀ. ಉದ್ದ. ಬ್ರಿಟಿಷ್ ಸೇನೆಯ ಗೂರ್ಖಾ ಸಿಗ್ನಲ್ಸ್ ಪಡೆ 1981ರಲ್ಲಿ ತರಬೇತಿಗೆಂದು ಇಲ್ಲಿ ‘ಟ್ರೇಲ್‌ವಾಕರ್’ ಓಟ ಶುರುಮಾಡಿತು. 1986ರಲ್ಲಿ ಸಾರ್ವಜನಿಕರಿಗೂ ಅವಕಾಶ ಸಿಕ್ಕಿತು, ಆಕ್ಸ್‌ಫ್ಯಾಮ್ ಜೊತೆಯಾಯಿತು. ನಿಯಮ ಸರಳ: ನಾಲ್ವರ ತಂಡ, ಒಟ್ಟಿಗೆ ಹೊರಡಬೇಕು, ಒಟ್ಟಿಗೆ ಮುಗಿಸಬೇಕು. ಗೂರ್ಖಾಗಳು ಓಡುತ್ತಿದ್ದರು, ಉಳಿದವರಲ್ಲಿ ಹೆಚ್ಚಿನವರು ನಡೆಯುತ್ತಿದ್ದರು.

ಬೆಂಗಳೂರಿನ ದಾರಿ

ಗೂರ್ಖಾಗಳ ಆ ಟ್ರೇಲ್‌ವಾಕರ್ 2012ರಲ್ಲಿ ಬೆಂಗಳೂರಿಗೂ ಬಂತು. 48 ಗಂಟೆಗಳಲ್ಲಿ 100 ಕಿ.ಮೀ. ಐಟಿ ಕಂಪನಿಗಳ ತಂಡಗಳು ಹಗಲು ರಾತ್ರಿ ಹಳ್ಳಿ ದಾರಿಗಳಲ್ಲಿ ಕಾಲು ಸವೆಸಿದವು. ಲಂಡನ್ ಅಥವಾ ಹಾಂಗ್‌ಕಾಂಗ್‌ನಲ್ಲಿ ಓಡಿ ಭಾರತಕ್ಕೆ ಕಳಿಸುವ ಕ್ರಮವಿತ್ತು. ಇದರಲ್ಲಿ ಇಲ್ಲಿಯವರೇ ಇಲ್ಲಿಯ ಸಂಬಳದವರ ಹತ್ತಿರ ಕೈಚಾಚಿದರು. ಹೊರಗಿನ ಹಣದ ಹಾದಿ ಆಮೇಲೆ ಕಿರಿದಾಯಿತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಆಕ್ಸ್‌ಫ್ಯಾಮ್ ಇಂಡಿಯಾದ ನೋಂದಣಿ 2021ರ ಡಿಸೆಂಬರ್ ಆಚೆಗೆ ನವೀಕರಣವಾಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಸಿಬಿಐ ಪ್ರಕರಣವೂ ದಾಖಲಾಯಿತು.

ಗಡಿಯಾಚೆಯ ಅನಂತಪುರದಲ್ಲಿ ಇನ್ನೊಂದು ಬಗೆ ಕಾಣಸಿಗುತ್ತದೆ. ವಿನ್ಸೆಂಟ್ ಫೆರರ್ ದಂಪತಿ 1969ರಲ್ಲಿ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ಗಾಗಿ ಸ್ಪೇನಿನ ಓಟಗಾರರು ಅನಂತಪುರಕ್ಕೇ ಬಂದು ಆ ಬಿರುಬಿಸಿಲ ಸೀಮೆಯ ಹಳ್ಳಿ ರಸ್ತೆಗಳಲ್ಲಿ ಅಲ್ಟ್ರಾ ಮ್ಯಾರಥಾನ್ ಓಡಿದ್ದಾರೆ. ದುಡ್ಡು ಕಳಿಸುವವರು ದುಡ್ಡು ಸೇರುವ ಊರನ್ನು ಕಣ್ಣಾರೆ ಕಾಣುವ ಅಪರೂಪದ ಏರ್ಪಾಟು ಇದು.

ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಭಾರತೀಯರಿಗೆ ‘ಟೀಮ್ ಆಶಾ’ ಪರಿಚಿತ ಹೆಸರು. 1991ರಲ್ಲಿ ಬರ್ಕ್ಲಿಯ ಭಾರತೀಯ ವಿದ್ಯಾರ್ಥಿಗಳು ಹುಟ್ಟುಹಾಕಿದ ‘ಆಶಾ ಫಾರ್ ಎಜುಕೇಷನ್’ನ ಓಟದ ಬಳಗ ಅದು. ಓಡಿಯೇ ಗೊತ್ತಿಲ್ಲದ ಸಾಫ್ಟ್‌ವೇರ್ ಮಂದಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಮ್ಯಾರಥಾನ್‌ಗೆ ಸಜ್ಜು ಮಾಡುತ್ತಾರೆ. ಪ್ರತಿಯಾಗಿ ಅವರು ಭಾರತದ ಬಡಮಕ್ಕಳ ಓದಿಗೆ ಹಣ ಎತ್ತಿಕೊಡಬೇಕು. ಎಷ್ಟೋ ಜನರಿಗೆ ಮೊದಲ ಗುರಿ ಹೊಟ್ಟೆ ಕರಗಿಸುವುದು. ಅದರಲ್ಲಿ ತಪ್ಪೇನಿಲ್ಲ, ಶಾಲೆಗೆ ಹೋಗುವ ಮಗು ಅದನ್ನು ವಿಚಾರಿಸುವುದಿಲ್ಲ.

2025ರಲ್ಲಿ ಲಂಡನ್ ಮ್ಯಾರಥಾನ್ ನಡೆದ ದಿನವೇ ಬೆಂಗಳೂರಿನಲ್ಲಿ ವಿಶ್ವ 10ಕೆ ಓಟವೂ ನಡೆಯಿತು. ಎರಡಕ್ಕೂ ಟಿಸಿಎಸ್ಸೇ ಪ್ರಾಯೋಜಕ. ಬೆಂಗಳೂರಿನಲ್ಲಿ ಇಂಡಿಯಾ ಕೇರ್ಸ್ ಪ್ರತಿಷ್ಠಾನ, ಮುಂಬೈ ಮ್ಯಾರಥಾನ್‌ನಲ್ಲಿ ಯುನೈಟೆಡ್ ವೇ ಸಂಸ್ಥೆ ದೇಣಿಗೆಯ ಹೊಣೆ ಹೊತ್ತಿವೆ. ದೇಣಿಗೆ ಕೊಟ್ಟು ಪಡೆಯುವ ‘ಚಾರಿಟಿ ಬಿಬ್’ ತೊಟ್ಟು ಓಡುವ ರೂಢಿ ಇಲ್ಲೂ ಬೇರೂರಿದೆ. ಬ್ರಿಟನ್ನಿನ ಗಿಫ್ಟ್ ಏಡ್‌ನಂತೆ ಸರ್ಕಾರ ಇಲ್ಲಿ ಕಾಸು ಸೇರಿಸುವುದಿಲ್ಲ. ಇದ್ದದ್ದು 80ಜಿ ತೆರಿಗೆ ವಿನಾಯಿತಿ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ.

ಅಡಿಸ್ ಅಬಾಬದ ಅಂಗಿ

ಬೆಳಿಗ್ಗೆ ಎದ್ದು ಪುಸ್ತಕ ಕಂಕುಳಲ್ಲಿ ಅವುಚಿಕೊಂಡು 10 ಕಿ.ಮೀ. ಓಡಿ ಶಾಲೆ ಸೇರುತ್ತಿದ್ದ ಇಥಿಯೋಪಿಯಾದ ಹುಡುಗ ಹೈಲೆ ಗೆಬ್ರೆಸೆಲಾಸಿ. ಮುಂದೆ 1996 ಮತ್ತು 2000ದ ಒಲಿಂಪಿಕ್ಸ್‌ಗಳಲ್ಲಿ 10,000 ಮೀಟರ್ ಚಿನ್ನ ಗೆದ್ದರು. ಗೆಳೆಯರ ಜೊತೆಗೂಡಿ 2001ರಲ್ಲಿ ಅವರು ಶುರುಮಾಡಿದ್ದು ಗ್ರೇಟ್ ಇಥಿಯೋಪಿಯನ್ ರನ್. ಮೊದಲ ವರ್ಷ 10,000 ಮಂದಿ ಓಡಿದರು, ಗೆದ್ದವರು ಸ್ವತಃ ಹೈಲೆ. ಈಗ ಆಫ್ರಿಕಾ ಖಂಡದ ಅತಿ ದೊಡ್ಡ ರಸ್ತೆ ಓಟಗಳಲ್ಲಿ ಒಂದು. ಓಟದ ಟಿ-ಶರ್ಟೇ ಟಿಕೆಟ್, ಅಡಿಸ್ ಅಬಾಬದ ರಸ್ತೆ ಒಂದೇ ಬಣ್ಣದಲ್ಲಿ ಹರಿಯುತ್ತದೆ. ಓಟದ ನೆಪದಲ್ಲಿ ಹಣ ಕೂಡಿಸಿ ಸ್ಥಳೀಯ ಸೇವಾ ಸಂಸ್ಥೆಗಳಿಗೆ ಕೊಡುತ್ತಾರೆ. ಇಥಿಯೋಪಿಯಾದವರು ಇಥಿಯೋಪಿಯಾದವರಿಗಾಗಿ ಓಡುವ ಈ ಓಟಕ್ಕೆ ಯುರೋಪಿನವರೂ ಬರುತ್ತಾರೆ. 2,300 ಮೀಟರಿಗೂ ಎತ್ತರದ ಆ ಊರಿನ ತೆಳು ಗಾಳಿಯಲ್ಲಿ ಅವರು ಏದುಸಿರು ಬಿಡುವಾಗ ಪಕ್ಕದ ಅಡಿಸ್ ಹುಡುಗರು ಹಾಡುತ್ತ, ಕುಣಿಯುತ್ತ ಮುಂದೆ ಹೋಗುತ್ತಾರೆ.